ನಂಬಿದ ತಾಯಿಯ ಮಗಳು

ಹದಿನಾರು ಹೆಂಗಸರ ಮಾತನ್ನು ಟೈಪ್ ಮಾಡಿ ಮುಗಿಸುವವರೆಗೆ ಸತ್ಯಭಾಮೆಗೆ ಏನೂ ಆಗಲಿಲ್ಲ. ಆದದ್ದು ಹದಿನೇಳನೆಯವಳಿಂದ.

ಕೆಲಸ ಸಿಕ್ಕಿದ್ದು ಮುಂಬೈ ಬಳಿಯ ಡೊಂಬಿವಲಿಯ ಕನ್ನಡ ಸಂಘದ ವಾಚನಾಲಯದಲ್ಲಿ ಅಂಟಿಸಿದ್ದ ಒಂದು ಚೀಟಿಯಿಂದ. ಕನ್ನಡ, ತುಳು ಎರಡೂ ಬಲ್ಲ, ಮನೆಯಲ್ಲೇ ಕೂತು ಟೈಪ್ ಮಾಡಬಲ್ಲ ಮಹಿಳೆ ಬೇಕು ಎಂದಿತ್ತು. ಸತ್ಯಭಾಮೆ ಮದುವೆಗೆ ಮುಂಚೆ ಠಾಣೆಯ ಒಂದು ಪ್ರೆಸ್ಸಿನಲ್ಲಿ ನಾಲ್ಕು ವರ್ಷ ಕನ್ನಡ ಡಿಟಿಪಿ ಮಾಡಿದವಳು. ಈಗ ಐವತ್ತು. ಗಂಡ ಪುಂಡರೀಕಾಕ್ಷ ಕಲ್ಯಾಣ ಸ್ಟೇಷನ್ನಿನ ಹತ್ತಿರದ ಶಾಕಾಹಾರಿ ಹೋಟೆಲೊಂದರ ಮ್ಯಾನೇಜರು. ಬೆಳಗ್ಗೆ ಬೇಗ ಹೋದರೆ ಊಟಕ್ಕೂ ಬರುವುದು ಅಪರೂಪ. ಮಗಳು ಸಂಜನಾ ಐರೋಲಿಯಲ್ಲಿ ಕೆಲಸ ಹಿಡಿದು ಗೆಳತಿಯರ ಜೊತೆ ಅಲ್ಲೇ ಇದ್ದಳು. ಮನೆಯಲ್ಲಿ ಹಗಲೆಲ್ಲ ಸತ್ಯಭಾಮೆ ಮತ್ತು ಅವಳ ಎಪ್ಪತ್ತಾರು ವರ್ಷದ ಅಮ್ಮ, ಇಬ್ಬರೇ.

ಕೆಲಸ ಕೊಟ್ಟವಳು ಸೋನಾಲಿ ಎಂಬ ಸಂಶೋಧಕಿ, ನಲವತ್ತರ ಮರಾಠಿ ಹೆಂಗಸು. ನವಿ ಮುಂಬೈಯ ನೆರೂಳಿನ ಒಂದು ಅಧ್ಯಯನ ಕೇಂದ್ರದಲ್ಲಿ ಅವಳ ಕಚೇರಿ. ಚಿಕ್ಕಂದಿನಲ್ಲಿ ಮನೆಯವರಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಂಗಸರು, ಮೂವತ್ತು ನಲವತ್ತು ವರ್ಷ ಕಳೆದ ಮೇಲೆ ಹೇಗಿದ್ದಾರೆ, ಅವರ ನಿದ್ದೆ, ಆರೋಗ್ಯ, ಸಂಸಾರ, ಮಕ್ಕಳನ್ನು ಬೆಳೆಸಿದ ರೀತಿ, ಇದರ ಮೇಲೆಲ್ಲ ಅದು ಏನು ಮಾಡಿತು ಎನ್ನುವುದು ಅವಳ ಅಧ್ಯಯನ. ಕನ್ನಡ ಮತ್ತು ತುಳು ಹೆಂಗಸರನ್ನು ಶ್ರೀಲಕ್ಷ್ಮಿ ಎಂಬ ಹುಡುಗಿ ಮಾತಾಡಿಸಿ ಧ್ವನಿಮುದ್ರಿಸಿಕೊಳ್ಳುತ್ತಿದ್ದಳು. ಹೆಸರಿಲ್ಲ, ಬರೀ ನಂಬರು. ಸತ್ಯಭಾಮೆ ಇಯರ್‌ಫೋನಿನಲ್ಲಿ ಕೇಳಿ ಒಂದಕ್ಷರ ಬಿಡದೆ ಟೈಪ್ ಮಾಡಬೇಕು. ಅತ್ತರೆ ಅತ್ತದ್ದು, ಸುಮ್ಮನಾದರೆ ಸುಮ್ಮನಾದದ್ದು. ಊರಿನ ಹೆಸರು, ಅಂಗಡಿಯ ಹೆಸರು ಬಂದರೆ ಅಳಿಸಿ ಬರೀ ಗೆರೆ ಎಳೆಯಬೇಕು. ಗದ್ದಲದಲ್ಲಿ ಮಾತು ತಿಳಿಯದಿದ್ದರೆ ಆ ಜಾಗದಲ್ಲಿ 'ಸ್ಪಷ್ಟವಿಲ್ಲ' ಎಂದು ಹಾಕಬೇಕು. ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲ ಎಂಬ ಕಾಗದಕ್ಕೆ ಸಹಿಯನ್ನೂ ಹಾಕಿದಳು.

ಮೊದಲ ದಿನ ಸೋನಾಲಿ ಅವಳಿಗೊಂದು ಪ್ರಶ್ನೆ ಕೇಳಿದ್ದಳು. ನಿಮಗೂ ಅಂಥ ಅನುಭವ ಇದ್ದರೆ ಈ ಕೆಲಸ ಕಷ್ಟವಾಗಬಹುದು, ಹೇಳಲೇಬೇಕೆಂದಿಲ್ಲ, ಆದರೆ ಇದ್ದರೆ ಬೇರೆ ಏರ್ಪಾಡು ಮಾಡುತ್ತೇನೆ ಎಂದಿದ್ದಳು. ಸತ್ಯಭಾಮೆ ಛೆ, ಇಲ್ಲಪ್ಪ ಎಂದಳು. ಸಣ್ಣಗೆ ನಕ್ಕಳು ಕೂಡ.

ಇತ್ತು. ಅವಳ ಎಂಟನೆಯ ವರ್ಷಕ್ಕೆ ಅಪ್ಪ ಉಡುಪಿಯ ಕಡೆಯಿಂದ ಹೆಂಡತಿ ಮಗಳನ್ನು ಕಟ್ಟಿಕೊಂಡು ಠಾಣೆಗೆ ಬಂದ. ಕರೆಸಿಕೊಂಡವನು ಅಮ್ಮನ ತಮ್ಮ. ಸತ್ಯಭಾಮೆಗೆ ಸಣ್ಣಮಾವ. ಅವನ ಹೋಟೆಲಿನ ಗಲ್ಲಾದ ಮೇಲೆ ಅಪ್ಪನಿಗೆ ಕೆಲಸ, ಅವನ ಮನೆಯ ಹಿಂದಿನ ಕೋಣೆಯಲ್ಲಿ ವಾಸ. ಆ ಮನೆಯಲ್ಲಿ ಒಂದೂವರೆ ವರ್ಷ ಏನು ನಡೆಯಿತೋ ಅದನ್ನು ಅವಳು ಯಾರಿಗೂ ಹೇಳಿಲ್ಲ, ಗಂಡನಿಗೂ. ಹೇಳಿದ್ದು ಒಂದೇ ಸಲ. ಒಂಬತ್ತು ವರ್ಷದವಳಿದ್ದಾಗ, ಶಾಲೆಗೆ ಹೊರಡುವ ಮುಂಚೆ, ಅಮ್ಮ ಜಡೆ ಹಾಕುತ್ತಿದ್ದಾಗ ಹೇಳಿದಳು. ಅಮ್ಮನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಜಡೆಯನ್ನು ಕಣ್ಣಲ್ಲಿ ನೀರು ಬರುವಷ್ಟು ಬಿಗಿಯಾಗಿ ಹೆಣೆಯಿತು. ಹಾಗೆಲ್ಲ ಕೆಟ್ಟ ಮಾತು ಮಾತಾಡಬಾರದು ಎಂದಳು ಅಮ್ಮ. ಅಷ್ಟೇ. ಮರುವರ್ಷ ಅಪ್ಪನಿಗೆ ವಿಠ್ಠಲವಾಡಿಯಲ್ಲಿ ಚಾಳಿನ ಕೋಣೆ ಸಿಕ್ಕಿ ಅಲ್ಲಿಂದ ಹೊರಬಿದ್ದರು.

ಅಮ್ಮನಿಗೆ ಅರ್ಥವಾಗಲಿಲ್ಲ, ಅರ್ಥವಾದರೂ ನಂಬಲಿಲ್ಲ ಎಂದು ಸತ್ಯಭಾಮೆ ತನಗೆ ತಾನೇ ಹೇಳಿಕೊಂಡಳು. ನಲವತ್ತೊಂದು ವರ್ಷ ಅದನ್ನೇ ಹೇಳಿಕೊಂಡಳು. ನಂಬದವಳ ಮೇಲೆ ಎಷ್ಟೆಂದು ಸಿಟ್ಟು ಮಾಡುವುದು? ಹಾಗೆಂದು ಎಲ್ಲ ಸರಿಯಾಗಿತ್ತು ಅಂತಲ್ಲ. ಹಿಂದಿನಿಂದ ಬಂದು ಯಾರಾದರೂ ಹೆಗಲು ಮುಟ್ಟಿದರೆ ಅವಳ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತಿತ್ತು. ಸಂಜನಾ ಮದುವೆಯ ವಯಸ್ಸಿಗೆ ಬರುವವರೆಗೂ ಅವಳನ್ನು ಯಾವ ಸಂಬಂಧಿಕರ ಮನೆಯಲ್ಲೂ ಒಂದು ರಾತ್ರಿ ಬಿಡಲಿಲ್ಲ; ಆ ಹುಡುಗಿ ಅದಕ್ಕೇ ತಾಯಿಯೊಡನೆ ಎಷ್ಟೋ ಜಗಳವಾಡಿದ್ದಳು. ಇನ್ನು ಅಮ್ಮನಿಗೆ ಸತ್ಯಭಾಮೆ ಒಂದು ಬಿರುಸು ಮಾತನ್ನೂ ಆಡಿದವಳಲ್ಲ. ಬಿಲ್ಡಿಂಗಿನಲ್ಲಿ ಎಲ್ಲರೂ ಹೊಗಳುವವರೇ. ತಾಯಿಯನ್ನು ನೋಡಿಕೊಂಡರೆ ಹಾಗೆ ನೋಡಿಕೊಳ್ಳಬೇಕು ಅಂತ.

ಮೊದಲ ಹದಿನಾರು ಹೆಂಗಸರ ಮಾತನ್ನು ಅವಳು ಒಂದು ಬಗೆಯ ಸಮಾಧಾನದಿಂದಲೇ ಕೇಳಿದಳೆನ್ನಬೇಕು. ಒಬ್ಬಳಿಗೆ ಅಣ್ಣ, ಒಬ್ಬಳಿಗೆ ಅಜ್ಜ, ಒಬ್ಬಳಿಗೆ ಚಿಕ್ಕಪ್ಪ. ತಾಯಿಗೆ ಹೇಳಿದವರೆಲ್ಲ ಬೈಸಿಕೊಂಡವರು, ಹೊಡೆಸಿಕೊಂಡವರು. ಉಳಿದವರು ಹೇಳಲೇ ಇಲ್ಲ. ಹದಿನಾರೂ ಜನ ತನ್ನವರೇ ಅನ್ನಿಸಿತು. ಲೋಕದಲ್ಲಿ ತಾಯಂದಿರೆಂದರೆ ಹೀಗೇ ಅನ್ನಿಸಿತು. ಟೈಪ್ ಮಾಡಿ ಎದ್ದು ಹೋಗಿ ಅಮ್ಮನಿಗೆ ಗಂಜಿ ಬಡಿಸುತ್ತಿದ್ದಳು.

ಹದಿನೇಳನೆಯವಳದ್ದು ದಪ್ಪ ಸ್ವರ. ಮಾತಿನ ನಡುವೆ ತುಳು, ನಡುನಡುವೆ ನಗು. ದೊಡ್ಡಪ್ಪ ಮನೆಯಲ್ಲೇ ಇದ್ದ, ತನಗೆ ಆಗ ಹತ್ತು ವರ್ಷ ಎಂದಳು. ಶ್ರೀಲಕ್ಷ್ಮಿ ಯಾರಿಗಾದರೂ ಹೇಳಿದಿರಾ ಎಂದು ಕೇಳಿದಳು. ಅಮ್ಮನಿಗೆ ಹೇಳಿದೆ ಎಂದಳು ಇವಳು. ಆಮೇಲೆ ಹೇಳಿದ್ದು ಇದು:

"ಅಮ್ಮ ಅಕ್ಕಿ ಆರಿಸ್ತಾ ಇದ್ರು. ನಾನು ಹೇಳಿದ್ದೇ ಹೇಳಿದ್ದು, ಒಂದು ಪ್ರಶ್ನೆ ಕೇಳ್ಲಿಲ್ಲ. ಗೆರಸೆ ಕೆಳಗಿಟ್ರು. ಸೀದಾ ಹೋಗಿ ದೊಡ್ಡಪ್ಪನ ಚೀಲ, ಬಟ್ಟೆ, ಚಾಪೆ ಎಲ್ಲ ತಂದು ರಸ್ತೆಗೆ ಬಿಸಾಡಿದ್ರು. ಬಾಗಿಲಲ್ಲಿ ನಿಂತು ಹೇಳಿದ್ರು, ಅವನು ಒಳಗೆ ಬಂದ್ರೆ ನಾನೂ ನನ್ನ ಮಗಳೂ ಹೊರಗೆ ಅಂತ."

ಗಂಡ ಅಣ್ಣನ ಪಕ್ಷ ಹಿಡಿದನಂತೆ. ಆ ತಾಯಿ ಮಗಳ ಕೈ ಹಿಡಿದುಕೊಂಡು ನಿಜಕ್ಕೂ ಹೊರಟುಬಿಟ್ಟಳಂತೆ. ಶಹಾಡಿನಲ್ಲಿ ಕೋಣೆ ಹಿಡಿದು ಕಾರ್ಖಾನೆಯಲ್ಲಿ ದಾರ ಸುತ್ತುವ ಕೆಲಸಕ್ಕೆ ಹೋದಳಂತೆ. ಎರಡು ವರ್ಷದ ಮೇಲೆ ಗಂಡನೇ ಹುಡುಕಿಕೊಂಡು ಬಂದನಂತೆ.

ಸತ್ಯಭಾಮೆ ಅಷ್ಟು ಭಾಗವನ್ನು ಹಿಂದಕ್ಕೆ ಹಾಕಿ ಮತ್ತೆ ಕೇಳಿದಳು. ಮತ್ತೊಮ್ಮೆ ಕೇಳಿದಳು. ಟೈಪ್ ಮಾಡಲಿಕ್ಕಲ್ಲ. ಎಣಿಸಿದ್ದರೆ ಹತ್ತು ಸಲಕ್ಕೆ ಕಡಿಮೆಯಿರಲಿಲ್ಲ. ಅವಳಿಗೆ ಆದದ್ದು ಹೊಟ್ಟೆಕಿಚ್ಚು. ಓರಗಿತ್ತಿ ಠಾಣೆಯಲ್ಲಿ ಮೂರು ಬೆಡ್‌ರೂಮಿನ ಫ್ಲ್ಯಾಟು ತೆಗೆದುಕೊಂಡಾಗ ಆಗಿರಲಿಲ್ಲ, ಜೊತೆಗೆ ಟೈಪ್ ಮಾಡುತ್ತಿದ್ದವಳು ಪ್ರೆಸ್ಸಿನ ಮಾಲೀಕಳಾದಾಗ ಆಗಿರಲಿಲ್ಲ. ಇವಳಿಗೆ ಯಾಕೆ? ಇವಳಲ್ಲಿ ಏನು ಹೆಚ್ಚಿತ್ತು? ನಾನು ಹೇಳಿದ್ದರಲ್ಲಿ ಏನು ಕಡಿಮೆಯಿತ್ತು?

ಒಳಗೆ ಅಮ್ಮ ಕೂತು ಬತ್ತಿ ಹೊಸೆಯುತ್ತಿದ್ದಳು. ಇನ್ನು ಮೂರನೆಯ ಭಾನುವಾರ ಠಾಣೆಯಲ್ಲಿ ಸಣ್ಣಮಾವನ ಎಪ್ಪತ್ತನೆಯ ವರ್ಷದ ಭೀಮರಥ ಶಾಂತಿ. ಹಾಲ್ ಹಿಡಿದಿದ್ದರು. ತಮ್ಮನ ಶಾಂತಿಗೆ ತನ್ನ ಕೈಯ ಬತ್ತಿಯೇ ಆಗಬೇಕೆಂದು ಅಮ್ಮ ತಿಂಗಳಿನಿಂದ ಹತ್ತಿ ಬಿಡಿಸುತ್ತಿದ್ದಳು. ಸತ್ಯಭಾಮೆ ಬಾಗಿಲಿಂದ ಒಮ್ಮೆ ಆ ಕೈಗಳನ್ನು ನೋಡಿದಳು. ವಾಪಸ್ಸು ಬಂದು ಕೂತು, ಅಮ್ಮ ಅಕ್ಕಿ ಆರಿಸ್ತಾ ಇದ್ರು ಎಂಬಲ್ಲಿಂದ ರಸ್ತೆಗೆ ಬಿಸಾಡಿದ ಚೀಲದವರೆಗೆ, ಬಾಗಿಲಲ್ಲಿ ನಿಂತು ಹೇಳಿದ ಮಾತಿನವರೆಗೆ, ಅಷ್ಟಕ್ಕೂ 'ಸ್ಪಷ್ಟವಿಲ್ಲ' ಎಂದು ಹಾಕಿಬಿಟ್ಟಳು. ಮುಂದಿನದ್ದನ್ನು ಸರಿಯಾಗಿ ಟೈಪ್ ಮಾಡಿ ನೆರೂಳಿಗೆ ಕಳಿಸಿದಳು.

ಕಳಿಸಿದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಆ ನಗು ಅಡಿಗೆಮನೆಗೂ ಬಂತು, ತರಕಾರಿ ಮಾರ್ಕೆಟ್ಟಿಗೂ ಬಂತು. ಇವಳು ಸುಳ್ಳು ಹೇಳುತ್ತಿರಬೇಕು ಎಂದು ಒಂದು ದಿನ ಸಾಧಿಸಿದಳು. ಅಂಥ ತಾಯಿ ಇದ್ದವಳು ಸಂದರ್ಶನಕ್ಕೆ ಯಾಕೆ ಬರಬೇಕು, ಇವಳಿಗೇನು ದುಃಖ ಎಂದು ಇನ್ನೊಂದು ದಿನ. ಮೂರನೆಯ ದಿನ ಅವಳನ್ನು ಕಣ್ಣಾರೆ ನೋಡಬೇಕೆನ್ನಿಸಿತು. ನೋಡದೆ ನಿಲ್ಲುವುದಿಲ್ಲ ಅನ್ನಿಸಿತು.

ವಿಳಾಸ ಹುಡುಕುವುದು ಕಷ್ಟವಿರಲಿಲ್ಲ. ಬದಲಾಪುರ ಪಶ್ಚಿಮ, ಗಣಪತಿ ದೇವಸ್ಥಾನದ ಹಿಂದೆ ಹೊಲಿಗೆ ಅಂಗಡಿ, ಅಮ್ಮನೂ ಜೊತೆಗೇ ಇದ್ದಾರೆ ಎಂದು ಅವಳೇ ಮಾತಿನ ಮಧ್ಯೆ ಹೇಳಿದ್ದಳು. ಅದನ್ನು ಅಳಿಸಿ ಗೆರೆ ಎಳೆಯುವುದು ಸತ್ಯಭಾಮೆಯದೇ ಕೆಲಸ. ಕಾಗದದಲ್ಲಿ ಅಳಿಸಿದಳು, ತಲೆಯಲ್ಲಿ ಇಟ್ಟುಕೊಂಡಳು.

ಮಂಗಳವಾರ ಅಮ್ಮನಿಗೆ ನೆರೂಳಿಗೆ ಹೋಗುತ್ತೇನೆಂದು ಸುಳ್ಳು ಹೇಳಿ, ಚೀಲದಲ್ಲೊಂದು ಬ್ಲೌಸ್ ಪೀಸು ಹಾಕಿಕೊಂಡು, ಹನ್ನೊಂದರ ಬದಲಾಪುರ ಲೋಕಲ್ ಹತ್ತಿದಳು. ಆ ಹೊತ್ತಿಗೆ ಆ ಕಡೆಯ ಗಾಡಿ ಖಾಲಿ. ಅಂಗಡಿ ಸುಲಭವಾಗಿ ಸಿಕ್ಕಿತು. ಮರಾಠಿಯಲ್ಲಿ 'ಜಯಲತಾ ಲೇಡೀಸ್ ಟೇಲರ್' ಎಂದು ಬೋರ್ಡು. ನಂಬರಿಗೆ ಹೆಸರು ಬಂತು.

ಜಯಲತಾ ನಲವತ್ತೈದರ ಆಸುಪಾಸಿನ ತುಂಬು ಮೈಯ ಹೆಂಗಸು. ಕನ್ನಡಕ ನೆತ್ತಿಯ ಮೇಲಿತ್ತು. ಸತ್ಯಭಾಮೆಯ ಕನ್ನಡ ಕೇಳಿದ್ದೇ ಮುಖ ಅರಳಿಸಿ ಊರು ಯಾವುದು, ಯಾರ ಪೈಕಿ ಎಂದೆಲ್ಲ ವಿಚಾರಿಸಿದಳು. ಸತ್ಯಭಾಮೆ ಹೇಳಿದ್ದೆಲ್ಲ ಸುಳ್ಳು. ಅಂಗಡಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಬ್ಬ ಮುದುಕಿ ಕೂತು ರವಿಕೆಗೆ ಹುಕ್ಕು ಹಾಕುತ್ತಿದ್ದಳು. ಕಡ್ಡಿಯಂಥ ಮೈ, ದಪ್ಪ ಗಾಜಿನ ಕನ್ನಡಕ. ಸತ್ಯಭಾಮೆ ಅವಳನ್ನೇ ನೋಡಿದಳು. ಚೀಲ ಎತ್ತಿ ರಸ್ತೆಗೆ ಎಸೆದ ಕೈ ಇಷ್ಟು ಸಣ್ಣದೇ ಅನ್ನಿಸಿತು.

ಅಳತೆ ತೆಗೆಯಲು ಜಯಲತಾ ಟೇಪು ಹಿಡಿದು ಹಿಂದಿನಿಂದ ಬಂದಾಗ ಸತ್ಯಭಾಮೆ ಎಂದಿನಂತೆ ಬೆಚ್ಚಿ ಎರಡು ಹೆಜ್ಜೆ ಸರಿದಳು. ಜಯಲತಾ ಅಲ್ಲೇ ನಿಂತಳು. ಟೇಪನ್ನು ಸುತ್ತಿ ಕೊರಳಿಗೆ ಹಾಕಿಕೊಂಡು, ಬೇಡ ಬಿಡಿ, ಹಳೆಯ ರವಿಕೆಯೊಂದು ಕೊಟ್ಟರೆ ಸಾಕು, ಅದರ ಅಳತೆಗೇ ಹೊಲಿದುಕೊಡುತ್ತೇನೆ ಎಂದಳು. ಹಿಂದಿನಿಂದ ಬಂದು ಮುಟ್ಟಿದರೆ ನನಗೂ ಆಗುವುದಿಲ್ಲ ಅಂತಲೂ ಮೆಲ್ಲಗೆ ಹೇಳಿದಳು. ಯಾಕೆ ಎಂದು ಕೇಳಲಿಲ್ಲ. ಸತ್ಯಭಾಮೆಯ ಕಣ್ಣಿಗೆ ಅದು ಒಳ್ಳೆಯತನವಾಗಿ ಕಾಣಲಿಲ್ಲ. ಇದನ್ನು ಮಾಡುವಷ್ಟು ಧಾರಾಳ ಇವಳಿಗೆ ಎಲ್ಲಿಂದ ಬಂತು ಎಂದು ಅದಕ್ಕೂ ಉರಿಯಿತು.

ಅಷ್ಟರಲ್ಲಿ ಜಯಲತಾ ತಾಯಿಯ ಕೈಯ ರವಿಕೆ ನೋಡಿ ರೇಗಿದಳು.

"ಎಷ್ಟು ಸಲ ಹೇಳ್ಬೇಕು ಅಮ್ಮ ನಿಮ್ಗೆ? ಹುಕ್ಕು ಬಲಗಡೆ. ಕಣ್ಣು ಕಾಣದಿದ್ರೆ ಸುಮ್ನೆ ಕೂರಿ."

"ನಿನ್ನ ಕೆಲಸ ನೀನೇ ಮಾಡ್ಕೋ ಹಾಗಾದ್ರೆ," ಎಂದು ಮುದುಕಿ ರವಿಕೆಯನ್ನು ಮೇಜಿನ ಮೇಲೆ ಎಸೆದಳು.

ಇಬ್ಬರೂ ಅದನ್ನು ಅಲ್ಲಿಗೇ ಮರೆತರು. ಮುದುಕಿ ಸತ್ಯಭಾಮೆಯ ಕಡೆ ತಿರುಗಿ, ಬಿಸಿಲಲ್ಲಿ ಬಂದಿದ್ದೀಯ, ಊಟ ಆಯಿತಾ ಮಗಾ ಎಂದು ಕೇಳಿದಳು. ಸತ್ಯಭಾಮೆ ತಲೆಯಾಡಿಸಿ, ರವಿಕೆ ಇನ್ನೊಮ್ಮೆ ತರುತ್ತೇನೆಂದು ಹೇಳಿ, ಬ್ಲೌಸ್ ಪೀಸನ್ನೂ ಅಲ್ಲೇ ಬಿಟ್ಟು ಹೊರಟುಬಂದಳು.

ವಾಪಸ್ಸು ಬರುವ ಗಾಡಿಯಲ್ಲಿ ಅವಳಿಗೆ ತಿಳಿಯಿತು, ತನ್ನನ್ನು ಸುಟ್ಟದ್ದು ಅವರ ಅಕ್ಕರೆಯಲ್ಲ, ಆ ಜಗಳ. ಅವಳು ತಾಯಿಗೆ ಬೈದಳು, ತಾಯಿ ತಿರುಗಿ ಬೈದಳು, ಆಕಾಶ ಕಳಚಿ ಬೀಳಲಿಲ್ಲ. ತಾನು ಅಮ್ಮನಿಗೆ ಒಂದು ಬಿರುಸು ಮಾತಾಡದೆ ಇದ್ದದ್ದು ಪ್ರೀತಿಯಿಂದಲ್ಲ. ಒಂದು ಮಾತು ಜಾರಿದರೆ ಅದರ ಹಿಂದೆ ನಲವತ್ತೊಂದು ವರ್ಷ ಜಾರಿ ಬಂದೀತೆಂಬ ಹೆದರಿಕೆಯಿಂದ. ಬದಲಾಪುರದವಳಿಗೆ ಆ ಹೆದರಿಕೆ ಇಲ್ಲ. ಅಂಬರನಾಥ ದಾಟುವವರೆಗೂ ಸತ್ಯಭಾಮೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದ ಹೆಂಗಸು ಯಾಕೆ ಎಂದು ಮರಾಠಿಯಲ್ಲಿ ಕೇಳಿದಳು. ಕಣ್ಣಿಗೆ ಏನೋ ಬಿತ್ತು ಎಂದಳು.

ಶುಕ್ರವಾರ ಸೋನಾಲಿಯ ಫೋನು ಬಂತು. ಟೈಪ್ ಆಗಿ ಬಂದ ಪ್ರತಿಯೊಂದನ್ನೂ ಇನ್ನೊಬ್ಬರು ಅಲ್ಲಲ್ಲಿ ಕೇಳಿ ತಾಳೆ ನೋಡುವ ಪದ್ಧತಿ ಅವರಲ್ಲಿತ್ತು. ಹದಿನೇಳರಲ್ಲಿ ಒಂದು ಜಾಗದಲ್ಲಿ ಸ್ಪಷ್ಟವಿಲ್ಲ ಎಂದಿದೆ, ಆದರೆ ಶ್ರೀಲಕ್ಷ್ಮಿ ಕೇಳಿದರೆ ಸ್ವಚ್ಛವಾಗಿ ಕೇಳಿಸುತ್ತದೆ, ಏನಾಯಿತು ಎಂದಳು. ಫ್ಯಾನಿನ ಸದ್ದಿತ್ತು ಎಂದು ಸತ್ಯಭಾಮೆ ಬಾಯಿಗೆ ಬಂದದ್ದು ಹೇಳಿದಳು. ಸೋಮವಾರ ಒಮ್ಮೆ ಬಂದು ಹೋಗಿ ಅಕ್ಕ ಎಂದಳು ಸೋನಾಲಿ.

ಠಾಣೆಯಲ್ಲಿ ಇಳಿದು, ನೆರೂಳಿನ ಗಾಡಿ ಹಿಡಿದು ಹೋಗುವಾಗ ಎರಡು ಮೂರು ಸುಳ್ಳುಗಳನ್ನು ಹೊಂದಿಸಿಟ್ಟುಕೊಂಡಿದ್ದಳು. ಸೋನಾಲಿಯ ಎದುರು ಕೂತಾಗ ಒಂದೂ ಹೊರಡಲಿಲ್ಲ. ಬೇಕೆಂತಲೇ ಹಾಗೆ ಹಾಕಿದೆ ಎಂದಳು. ಬದಲಾಪುರಕ್ಕೆ ಹೋಗಿದ್ದನ್ನೂ ಹೇಳಿದಳು. ಮೊದಲ ದಿನ ಇಲ್ಲ ಅಂದದ್ದು ಸುಳ್ಳು ಎಂದು ಕೊನೆಗೆ ಹೇಳಿದಳು. ನಲವತ್ತೊಂದು ವರ್ಷದ ಮೇಲೆ ಎರಡನೆಯ ಸಲ ಹೇಳಿದ ಮಾತು ಅದು. ಅದೂ ತಪ್ಪೊಪ್ಪಿಗೆಯ ಬಾಲದಲ್ಲಿ.

ಸೋನಾಲಿ ಮೊದಲು ಅವಳ ಮುಂದೆ ನೀರಿಟ್ಟಳು. ಆಮೇಲೆ ಬಿಗಿಯಾಗಿಯೇ ಮಾತಾಡಿದಳು. ಅಂಗಡಿಗೆ ಹೋಗಿದ್ದು ದೊಡ್ಡ ತಪ್ಪು, ಸಂಸ್ಥೆಯ ಸಮಿತಿಗೆ ತಿಳಿಸಬೇಕು, ಆ ಹೆಂಗಸಿಗೂ ಹೇಳಲೇಬೇಕು, ಇನ್ನು ಈ ಕೆಲಸ ನಿಮ್ಮ ಕೈಗೆ ಕೊಡಲಾಗುವುದಿಲ್ಲ. ಸತ್ಯಭಾಮೆ ಎಲ್ಲದಕ್ಕೂ ಹೂಂ ಎಂದಳು.

"ಅವಳ ತಾಯಿ ನಂಬಿದಳು," ಎಂದಳು ಆಮೇಲೆ ಹಿಂದಿಯಲ್ಲಿ. "ನನಗೆ ಅದನ್ನು ಟೈಪ್ ಮಾಡ್ಲಿಕ್ಕೆ ಆಗ್ಲಿಲ್ಲ."

ಮೊದಲ ಸಲ ಹೇಳಿದಾಗ ಮನೆಯವರು ಏನು ಮಾಡಿದರು ಎನ್ನುವುದು ಮುಂದಿನ ಬದುಕಿಗೆ ಬಹಳ ಮುಖ್ಯವಾಗುತ್ತದೆ, ನನ್ನ ಅಧ್ಯಯನದಲ್ಲಿ ನೋಡಬೇಕಾದ್ದೂ ಅದನ್ನೇ, ಅದಕ್ಕೇ ನೀವು ಬಿಟ್ಟ ಸಾಲುಗಳು ಬೇಕಾಗಿದ್ದವು ಎಂದಳು ಸೋನಾಲಿ. ಆಮೇಲೆ, "ಆದರೆ ಅವರು ಅದೇ ಮಾತುಕತೆಯಲ್ಲಿ ಇನ್ನೂ ಒಂದು ಗಂಟೆ ಮಾತಾಡಿದ್ದಾರೆ. ನೀವೇ ಟೈಪ್ ಮಾಡಿದ್ದೀರಿ. ಕೇಳಿಸಿಕೊಂಡಿರಾ?" ಎಂದಳು.

ಸತ್ಯಭಾಮೆಗೆ ಆಗ ನೆನಪಾಯಿತು. ಬೆರಳು ಟೈಪ್ ಮಾಡಿತ್ತು, ಕಿವಿ ಕೇಳಿರಲಿಲ್ಲ. ಹದಿನೇಳನೆಯವಳ ಮದುವೆ ಎಂಟು ತಿಂಗಳಲ್ಲಿ ಮುರಿದಿತ್ತು. ಇವತ್ತಿಗೂ ಬಾಗಿಲ ಚಿಲಕ ನಾಲ್ಕು ಸಲ ಎದ್ದು ನೋಡದೆ ಮಲಗಲಾರಳು. ತನ್ನಿಂದ ಅಮ್ಮ ಕಾರ್ಖಾನೆಯಲ್ಲಿ ಕಣ್ಣು ಕೆಡಿಸಿಕೊಂಡಳು ಎಂಬ ಕೊರಗು ಬೇರೆ. ಅದೆಲ್ಲ ಸತ್ಯಭಾಮೆಯ ಕೈಯಿಂದಲೇ ಹಾದುಹೋಗಿತ್ತು. ಆದರೂ ಅಲ್ಲಿ ಕೂತ ಗಳಿಗೆಯಲ್ಲಿ ಅವಳ ಹೊಟ್ಟೆಕಿಚ್ಚೇನೂ ಆರಲಿಲ್ಲ. ನಂಬಿಸಿಕೊಂಡು ಅಷ್ಟು ಕಷ್ಟಪಡುವುದೂ ನನಗೆ ಸಿಗಲಿಲ್ಲವಲ್ಲ ಅನ್ನಿಸಿತು.

ಹೊರಡುವಾಗ ಸೋನಾಲಿ ಆಪ್ತಸಲಹೆಗಾರ್ತಿಯೊಬ್ಬಳ ನಂಬರು ಬರೆದುಕೊಟ್ಟಳು. ಆ ಮೇಲೆ, ನಿಮ್ಮ ಮಾವನ ಮನೆಯಲ್ಲಿ ಈಗ ಚಿಕ್ಕ ಮಕ್ಕಳಿದ್ದಾರಾ ಎಂದು ಕೇಳಿದಳು.

ಇದ್ದಳು. ಮಾವನ ಮಗನಿಗೆ ಏಳು ವರ್ಷದ ಒಬ್ಬಳು ಮಗಳು. ಸೊಸೆ ನಿಶ್ಮಿತಾ ಆಫೀಸಿಗೆ ಹೋದರೆ ಮಗು ಅಜ್ಜನ ಹತ್ತಿರವೇ. ಸಂಜನಾಳನ್ನು ಕಾಯ್ದದ್ದು ಕಾಯ್ದದ್ದೇ, ಈ ಮಗುವಿನ ವಿಚಾರ ತನ್ನ ತಲೆಗೆ ಒಮ್ಮೆಯೂ ಬರಲಿಲ್ಲವಲ್ಲ ಎಂದು ಸತ್ಯಭಾಮೆಗೆ ಆಗ ಹೊಳೆಯಿತು.

ಮನೆಗೆ ಬಂದಾಗ ಮೂರು ಗಂಟೆ. ಅಮ್ಮ ಬತ್ತಿಗಳನ್ನು ನೂರು ನೂರರ ಕಟ್ಟು ಮಾಡುತ್ತಿದ್ದಳು. ಸತ್ಯಭಾಮೆ ಚಪ್ಪಲಿ ಕಳಚಿ ಬಂದು ಎದುರಿಗೆ ನೆಲದ ಮೇಲೆ ಕೂತಳು.

ಒಬ್ಬಳು ತಾಯಿ ಇದ್ದಳು ಎಂದು ಶುರು ಮಾಡಿದಳು. ಮಗಳು ಹೀಗೆ ಹೀಗೆ ಎಂದು ಹೇಳಿದ್ದೇ, ಆ ತಾಯಿ ಮೈದುನನೋ ಭಾವನೋ ನೋಡದೆ ಅವನ ಸಾಮಾನನ್ನು ರಸ್ತೆಗೆ ಎಸೆದಳು ಎಂದಳು. ಅಮ್ಮ ಕೈಯ ಕೆಲಸ ನಿಲ್ಲಿಸಲಿಲ್ಲ. ಯಾವ ಊರಿನವಳು ಎಂದು ಕೇಳಿದಳು. ಅದನ್ನು ಹೇಳಲಿಕ್ಕಿಲ್ಲ ಎಂದಳು ಸತ್ಯಭಾಮೆ.

"ಮತ್ತೆ ಇದ್ದದ್ದು ಎಲ್ಲಿ?"

"ಬೇರೆ ಕೋಣೆ ಮಾಡಿದ್ರಂತೆ."

"ಊಟಕ್ಕೆ?"

"ಕೆಲಸಕ್ಕೆ ಹೋದ್ರಂತೆ."

ಅಮ್ಮ ಒಂದು ಕಟ್ಟಿಗೆ ದಾರ ಸುತ್ತಿದಳು. "ಓದು ಬರಹ ಬರ್ತಿತ್ತಾ ಅವಳಿಗೆ?"

"ಇಲ್ಲ."

ಅಮ್ಮ ಇನ್ನೊಂದು ಕಟ್ಟು ಎತ್ತಿಕೊಂಡಳು. "ನಂಗೆ ಏಳನೇ ಕ್ಲಾಸ್ ಆಗಿತ್ತು," ಎಂದಳು.

"ನಾನು ಹೇಳಿದ್ದು ನಿಂಗೆ ನೆನಪುಂಟಾ ಅಮ್ಮ?"

"ಜಡೆ ಹಾಕ್ತಾ ಇದ್ದೆ," ಎಂದಳು ಅಮ್ಮ. ಮುಖ ಎತ್ತಲಿಲ್ಲ. "ನೀನು ಸುಳ್ಳು ಹೇಳ್ತಿ ಅಂತ ನಂಗೆ ಒಂದು ದಿನವೂ ಅನಿಸ್ಲಿಲ್ಲ ಭಾಮಾ. ಆವತ್ತೇ ನಂಬಿದೆ. ನಂಬಿದ್ದಕ್ಕೇ ನಿನ್ನ ಬಾಯಿ ಮುಚ್ಚಿಸಿದ್ದು. ನೀನು ಇನ್ನೊಂದು ಸಲ ಹೇಳಿದ್ರೆ ನಾವು ಎಲ್ಲಿಗೆ ಹೋಗ್ಬೇಕಿತ್ತು?"

ಸತ್ಯಭಾಮೆ ಕೂತಲ್ಲೇ ಕೂತಳು. ಇಷ್ಟು ದಿನ ಕರುಬಿದ್ದು ಯಾತಕ್ಕೆ? ಅವಳ ತಾಯಿ ನಂಬಿದಳು ಎಂಬುದಕ್ಕೆ. ನೋಡಿದರೆ ತಾನೂ ನಂಬಿದ ತಾಯಿಯ ಮಗಳೇ. ಬದಲಾಪುರದ ಮುದುಕಿ ನಂಬಿ ಚೀಲ ಎತ್ತಿದಳು, ಇವಳು ನಂಬಿ ಜಡೆ ಬಿಗಿದಳು. ಅಮ್ಮನಿಗೆ ತಿಳಿಯಲಿಲ್ಲ ಎಂಬ ಒಂದು ಮಾತನ್ನು ಅವಳು ಮಗುವಾಗಿದ್ದಾಗಿನಿಂದ ಹೊದ್ದುಕೊಂಡಿದ್ದಳು. ಆ ಹೊದಿಕೆಯೂ ಹೋಯಿತು.

ಆಮೇಲೆ ಅವಳು ಆಡಿದ ಮಾತುಗಳು ಪಕ್ಕದ ಫ್ಲ್ಯಾಟಿಗೂ ಕೇಳಿದ್ದಿರಬೇಕು. ಐವತ್ತು ವರ್ಷದಲ್ಲಿ ಆಡದ್ದನ್ನೆಲ್ಲ ಆಡಿದಳು. ಅವನ ಕೈಯಿಂದ ನನ್ನ ಮದುವೆಯಲ್ಲಿ ಧಾರೆಗೆ ನೀರು ಬಿಡಿಸಿದೆಯಲ್ಲ ಎಂದಳು. ನಾನು ಹೆತ್ತ ಮಗುವಿನ ಮುಖ ನೋಡಲು ಅವನನ್ನೇ ಮೊದಲು ಕರೆದೆಯಲ್ಲ ಎಂದಳು. ಈಗ ಅವನ ಆಯುಷ್ಯಕ್ಕೆ ಬತ್ತಿ ಹೊಸೆಯುತ್ತೀಯಲ್ಲ ಎಂದಳು. ಅಮ್ಮ ಒಂದಕ್ಕೂ ಎದುರು ಹೇಳಲಿಲ್ಲ. ತಪ್ಪಾಯಿತೆಂದೂ ಹೇಳಲಿಲ್ಲ.

"ಭಾನುವಾರ ಠಾಣೆಗೆ ಹೋಗುವುದಾದ್ರೆ ಹೋಗು," ಎಂದಳು ಸತ್ಯಭಾಮೆ ಕೊನೆಗೆ. "ವಾಪಸ್ಸು ಇಲ್ಲಿಗೆ ಬರ್ಬೇಡ. ಅಲ್ಲೇ ಇದ್ದುಬಿಡು."

ಮಂಗಳವಾರದಿಂದ ಶುಕ್ರವಾರದವರೆಗೆ ಆ ಮನೆಯಲ್ಲಿ ತಾಯಿ ಮಗಳು ಮಾತಾಡಲಿಲ್ಲ. ನಿಶ್ಮಿತಾಳಿಗೆ ಹೇಳಬೇಕೆಂದು ಸತ್ಯಭಾಮೆ ಎರಡು ಸಲ ಫೋನು ಎತ್ತಿ, ಹೇಗೆ ಶುರು ಮಾಡುವುದೆಂದು ತಿಳಿಯದೆ ಇಟ್ಟಳು. ಪುಂಡರೀಕಾಕ್ಷ ಇಬ್ಬರ ಮುಖವನ್ನೂ ನೋಡಿ, ಏನು ಎತ್ತ ತಿಳಿಯದೆ, ಹೋಟೆಲಿನಿಂದ ಗೋಳಿಬಜೆ ಕಟ್ಟಿಸಿಕೊಂಡು ಬಂದ. ಯಾರೂ ಮುಟ್ಟಲಿಲ್ಲ.

ಶನಿವಾರ ಬೆಳಗ್ಗೆ ತಿಂಡಿಯಾದ ಮೇಲೆ ಅಮ್ಮ ಮೊಬೈಲು ತೆಗೆದುಕೊಂಡು ಹಾಲಿನ ಕುರ್ಚಿಯಲ್ಲಿ ಕೂತಳು. ಪುಂಡರೀಕಾಕ್ಷ ಆವತ್ತು ರಜೆ ಹಾಕಿದ್ದ, ಪೇಪರು ಓದುತ್ತಿದ್ದ. ಸತ್ಯಭಾಮೆ ಅಡಿಗೆಮನೆಯಲ್ಲಿದ್ದಳು. ಅಮ್ಮ ತಮ್ಮನಿಗೆ ಫೋನು ಹಚ್ಚಿ ನಾಳೆ ಬರುವುದಿಲ್ಲ ಎಂದಳು. ಆ ಕಡೆಯಿಂದ ಕಾಲು ನೋವೋ, ಕಾರು ಕಳಿಸಲೋ ಎಂದಿರಬೇಕು.

"ಕಾಲು ಸರಿ ಉಂಟು," ಎಂದಳು ಅಮ್ಮ. "ಭಾಮಾ ಒಂಬತ್ತು ವರ್ಷದವಳಿರುವಾಗ ನೀನು ಅವಳಿಗೆ ಮಾಡಿದ್ದು ನಂಗೆ ಗೊತ್ತುಂಟು. ಆಗಲೇ ಗೊತ್ತಿತ್ತು. ಅದಕ್ಕೆ ಬರುವುದಿಲ್ಲ. ಕೇಳಿದವರಿಗೂ ಇದನ್ನೇ ಹೇಳುವುದು ನಾನು."

ಫೋನು ಇಟ್ಟಳು. ಅದು ಮತ್ತೆ ಮತ್ತೆ ಹೊಡೆದುಕೊಂಡಿತು. ಅಮ್ಮ ಎತ್ತಲಿಲ್ಲ. ಪುಂಡರೀಕಾಕ್ಷನ ಕೈಯ ಪೇಪರು ಮಡಿಲಿಗೆ ಬಿತ್ತು. ಅವನು ಎದ್ದು ಅಡಿಗೆಮನೆಯ ಬಾಗಿಲಿಗೆ ಬಂದ, ಒಳಗೆ ಬರಲಿಲ್ಲ. ಇಪ್ಪತ್ತೈದು ವರ್ಷ ಅದೆಷ್ಟು ಸಲ ಹಿಂದಿನಿಂದ ಹೆಗಲು ಮುಟ್ಟಿ, ಅವಳು ಬೆಚ್ಚಿದ್ದಕ್ಕೆ ನಕ್ಕವನು ಅವನು. ಅವಳೆದುರು ನಿಂತು, "ನಂಗೆ ಹೇಳ್ಬಹುದಿತ್ತಲ್ಲ," ಎಂದ. ಆಮೇಲೆ ತಾನೇ, "ಹೇಗೆ ಹೇಳ್ತಿ, ಅಲ್ವಾ," ಎಂದ.

ಸತ್ಯಭಾಮೆಗೆ ಸಂತೋಷವಾಗಬೇಕಿತ್ತು. ಅಮ್ಮನ ಮಾತಿನ ಒಂದೊಂದು ಅಕ್ಷರವೂ ಅವಳಿಗೆ ಬೇಕಾದದ್ದೇ. ಆದರೆ ಅದನ್ನು ಕೇಳಬೇಕಾಗಿದ್ದವಳು ಎರಡು ಜಡೆಯ ಒಬ್ಬಳು ಹುಡುಗಿ, ಅವಳು ಈಗ ಎಲ್ಲಿದ್ದಾಳೆ? ಸ್ಟೌವ್ ಆರಿಸಿ ಅವಳು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮಾತು ಹಬ್ಬುವುದಕ್ಕೆ ತಡವಾಗಲಿಲ್ಲ. ಮುದುಕಿಗೆ ಅರಳುಮರಳು ಎಂದರು ಕೆಲವರು, ಮಗಳ ಕಿತಾಪತಿ ಎಂದರು ಕೆಲವರು. ಶಾಂತಿಯೇನೋ ನಡೆಯಿತು. ಸೋಮವಾರ ನಿಶ್ಮಿತಾ ಆಫೀಸಿನಿಂದ ಫೋನು ಮಾಡಿದಳು. ಒಂದೇ ಪ್ರಶ್ನೆ ಕೇಳಿದಳು, ಅಕ್ಕ, ಇದು ನಿಜವಾ ಅಂತ. ನಿಜ ಎಂದಳು ಸತ್ಯಭಾಮೆ. ಅಷ್ಟು ಹೇಳಲು ಅವಳಿಗೆ ಈ ಸಲ ಕಷ್ಟವಾಗಲಿಲ್ಲ. ನಿಶ್ಮಿತಾ ಬೇರೇನೂ ಕೇಳದೆ ಫೋನಿಟ್ಟಳು. ಅವತ್ತೇ ಅರ್ಧ ದಿನ ರಜೆ ಹಾಕಿ, ಮಗಳನ್ನು ಶಾಲೆಯಿಂದಲೇ ವಾಶಿಯ ತಾಯಿಮನೆಗೆ ಕರಕೊಂಡು ಹೋದಳು ಎಂದು ಆಮೇಲೆ ತಿಳಿಯಿತು. ಅಲ್ಲಿ ಅವಳನ್ನು ಕೂರಿಸಿಕೊಂಡು ಮೆಲ್ಲನೆ ಕೇಳಿದಳಂತೆ. ಮಗುವಿಗೆ ಏನೂ ಆಗಿರಲಿಲ್ಲ. ಆಗುವ ಮುಂಚೆ ಹೊರಬಿದ್ದಳು.

ಸುದ್ದಿ ಕೇಳಿ ಸತ್ಯಭಾಮೆ ದೇವರಿಗೆ ಕೈ ಮುಗಿದಳು. ಮುಗಿದ ಕೈ ಇಳಿಸುವಷ್ಟರಲ್ಲಿ ಆ ಏಳು ವರ್ಷದ ಮಗುವಿನ ಮೇಲೂ ಹೊಟ್ಟೆಕಿಚ್ಚು ಎದ್ದಿತು. ಒಂದು ಫೋನು, ಅರ್ಧ ದಿನದ ರಜೆ. ಅಷ್ಟರಲ್ಲಿ ಮುಗಿದುಹೋಗುವ ಕೆಲಸವಾಗಿತ್ತೇ ಅದು? ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆಪ್ತಸಲಹೆಗಾರ್ತಿಯ ಹತ್ತಿರ ಮೊದಲು ಹೇಳಿಕೊಂಡದ್ದು ಅದನ್ನೇ, ಮಾವನ ಕತೆಯನ್ನಲ್ಲ. ಆ ಹೆಂಗಸು ಗಾಬರಿಯಾಗಲಿಲ್ಲ. ನಿಮಗೂ ಸಿಗಬೇಕಾದದ್ದೇ ಅದು, ಬೇಕೆನ್ನಿಸುವುದು ತಪ್ಪೇ ಎಂದಳು.

ಜಯಲತಾಳಿಗೆ ಸೋನಾಲಿ ಎಲ್ಲ ತಿಳಿಸಿದಳು. ಅವಳಿಗೆ ಬಹಳ ಸಿಟ್ಟು ಬಂತಂತೆ, ಬರಬೇಕಾದದ್ದೇ. ಅಧ್ಯಯನದಿಂದ ಹಿಂದೆ ಸರಿಯಲಿಲ್ಲ, ಆದರೆ ಇನ್ನು ತನ್ನ ಧ್ವನಿಯನ್ನು ಹೊರಗಿನವರ ಕೈಗೆ ಕೊಡಕೂಡದೆಂದು ಬರೆಸಿಕೊಂಡಳು. ಸತ್ಯಭಾಮೆ ಕ್ಷಮೆ ಕೇಳಿ ಬರೆದ ಕಾಗದವನ್ನು ಸೋನಾಲಿ ತಲುಪಿಸಿದಳು. ಉತ್ತರ ಬರಲಿಲ್ಲ.

ಎರಡು ತಿಂಗಳ ಮೇಲೆ, ಬಹಳ ಯೋಚಿಸಿ, ಸತ್ಯಭಾಮೆ ತಾನೂ ಮಾತಾಡುತ್ತೇನೆಂದು ಹೇಳಿಕಳಿಸಿದಳು. ಸಮಿತಿಯವರು ವಿಚಾರ ಮಾಡಿ ಒಪ್ಪಿದರು. ನೆರೂಳಿನ ಸಣ್ಣ ಕೋಣೆಯಲ್ಲಿ ಶ್ರೀಲಕ್ಷ್ಮಿ ರೆಕಾರ್ಡರ್ ಒತ್ತಿ ಎದುರಿಗೆ ಕೂತಳು. ಎರಡು ಗಂಟೆ ಹಿಡಿಯಿತು. ಅಮ್ಮನಿಗೆ ಹೇಳಿದಾಗ ಅವರು ಏನು ಮಾಡಿದರು ಎಂಬ ಪ್ರಶ್ನೆ ಬಂದಾಗ ಸತ್ಯಭಾಮೆ ಜಡೆ ಬಿಗಿದದ್ದನ್ನು ಹೇಳಿದಳು, ಅಮ್ಮ ತಮ್ಮನಿಗೆ ಮಾಡಿದ ಫೋನನ್ನೂ ಹೇಳಿದಳು. ಶ್ರೀಲಕ್ಷ್ಮಿಯ ಕೈಯಲ್ಲಿದ್ದ ಫಾರಮ್ಮಿನಲ್ಲಿ ಒಂದೇ ಉತ್ತರಕ್ಕೆ ಜಾಗವಿತ್ತು. ಹುಡುಗಿ ಪೆನ್ನು ಹಿಡಿದುಕೊಂಡು, ಯಾವುದನ್ನು ಬರೆಯಲಿ ಆಂಟಿ ಎಂದು ಕೇಳಿದಳು.

"ಎರಡನ್ನೂ ಬರಿ," ಎಂದಳು ಸತ್ಯಭಾಮೆ. "ಆದ್ರೆ ಎರಡನೆಯದನ್ನು ಮೊದಲನೆಯದರ ಜಾಗದಲ್ಲಿ ಬರೀಬೇಡ."

ಹೊರಗೆ ಬಂದಾಗ ಸಂಜನಾ ಗೇಟಿನ ಹತ್ತಿರ ಕಾಯುತ್ತಿದ್ದಳು. ಹಿಂದಿನ ವಾರವಷ್ಟೇ ಅವಳಿಗೆ ತಾಯಿಯ ಬಾಯಿಂದಲೇ ವಿಷಯ ತಿಳಿದಿತ್ತು. ಆಫೀಸಿಗೆ ರಜೆ ಹಾಕಿ, ಯಾರೂ ಕರೆಯದೆ, ತಾನಾಗಿ ಬಂದಿದ್ದಳು. ಇಬ್ಬರೂ ಸ್ಟೇಷನ್ನಿನ ಕಡೆ ನಡೆದರು.